ಓಬಣ್ಣ ಬರೆಯದ ಮೀಸೆ

ಚಿತ್ರಗಾರ ಓಬಣ್ಣನ ಬಲಗಿವಿ ಯಾವಾಗಲೂ ಕಪ್ಪಗಿರುತ್ತಿತ್ತು. ಇದ್ದಿಲಾದ ಹುಣಸೆಕಡ್ಡಿಯನ್ನು ಅಲ್ಲೇ ಸಿಕ್ಕಿಸಿಕೊಳ್ಳುತ್ತಿದ್ದ. ಎಡಗಿವಿ ಎನ್ನುತ್ತಾಳೆ ನನ್ನ ತಂಗಿ. ನಾನು ಮದರಾಸಿನ ಕಾಲೇಜಿನಲ್ಲಿ ಎಲ್ಲಕ್ಕೂ ಸಾಕ್ಷಿ ಕೇಳುವುದನ್ನು ಕಲಿತ ಮೇಲೆ ನನ್ನ ನೆನಪನ್ನೇ ನಂಬುವುದಿಲ್ಲ. ಕಿವಿ ಕಪ್ಪಗಿತ್ತು, ಅಷ್ಟು ಖಂಡಿತ.

ಅವನನ್ನು ಮೊಳಕಾಲ್ಮೂರಿನಿಂದ ಪರಶುರಾಂಪುರಕ್ಕೆ ಕರೆಸಿದವರು ಅಪ್ಪ. ಪಡಸಾಲೆಯ ಗೋಡೆಯ ಮೇಲೆ ಬಣ್ಣದಲ್ಲಿ ತಮ್ಮ ಚಿತ್ರವಿರಬೇಕು, ಚಿತ್ರದಲ್ಲಿ ತಮ್ಮ ಮೀಸೆ ಎದ್ದು ಕಾಣಬೇಕು ಎಂಬುದು ಅವರ ಆಸೆ. ಓಬಣ್ಣ ಬಣ್ಣದ ಗಂಟು ಬಿಚ್ಚಲೇ ಇಲ್ಲ. ಇದ್ದಿಲಿನಲ್ಲಿ ಬರೆಯುವನು, ಹೆಗಲ ವಲ್ಲಿಯಿಂದ ಒರೆಸುವನು, ಮತ್ತೆ ಬರೆಯುವನು. ಮನಸ್ಸೊಪ್ಪಿದ ಗೆರೆಯ ಮೇಲೆ ಮಾತ್ರ ಕಾವಿ ಎಳೆಯುವನು.

"ಬಣ್ಣ ಯಾವಾಗ್ಲೋ ಓಬಣ್ಣ?"

"ಬಣ್ಣ ಬಟ್ಟೆ ಇದ್ದಂಗೆ ಗೌಡ್ರೆ, ಯಾವಾಗ್ಲಾದ್ರೂ ಉಡಿಸ್ಬೋದು. ಮೊದ್ಲು ಮೈ ಸರಿಯಾಗ್ಲಿ."

ಕಣ್ಣು, ಮೂಗು, ಗದ್ದ ಬಂದವು. ಮೀಸೆಯ ಹತ್ತಿರ ಕೈ ನಿಂತಿತು.

"ಅದ್ರ ಕೆಳಗಿನ ತುಟಿ ನಾನು ಕಂಡಿಲ್ಲ. ಕಾಣದ ತುಟಿ ಮ್ಯಾಲೆ ಮೀಸೆ ಹೆಂಗೆ ಕೂರಿಸ್ಲಿ? ಒಂದ್ಸಲ ಬೋಳಿಸಿ ತೋರ್ಸಿ ಗೌಡ್ರೆ. ಬೆಳೆದ್ಮ್ಯಾಲೆ ಅದನ್ನೂ ಬರೀತೀನಿ."

ಅಪ್ಪ ಕೆಲವು ದಿನ ಅವನೊಡನೆ ಮಾತು ಬಿಟ್ಟರು. ಆಮೇಲೆ ಹಿತ್ತಲಲ್ಲಿ ಕೂತು ಬೋಳಿಸಿಕೊಂಡರು.

ಓಬಣ್ಣ ತುಟಿಗೆ ಕಾವಿ ಎಳೆದು ಮುಗಿಸುವಷ್ಟರಲ್ಲಿ ಬೀದಿಯಲ್ಲಿ ಗೋಳೆದ್ದಿತು. ನಮ್ಮಲ್ಲಿ ಗಂಡಸು ಮೀಸೆ ತೆಗೆಯುವುದು ಹೆತ್ತವರು ಸತ್ತಾಗ. ಅಪ್ಪನ ಮುಖವನ್ನು ಯಾರೋ ಬೇಲಿಯಾಚೆಯಿಂದ ಕಂಡಿದ್ದರು. ತಮಟೆ ಬಂತು, ಚಟ್ಟಕ್ಕೆ ಬಿದಿರೂ ಬಂತು. ಒಳಗೆ ಶೇಂಗಾ ಸುಲಿಯುತ್ತಿದ್ದ ಅಜ್ಜಿ ಹೊರಗೆ ಬಂದಳು.

"ಯಾರು ಸತ್ತಿದ್ದಲೇ?"

"ನೀನೇ ಕಣವ್ವ," ಎಂದಳು ಎದುರುಮನೆಯವಳು, ಅಳು ನಿಲ್ಲಿಸದೆ.

ಅಜ್ಜಿ ಮಗನ ಮುಖ ನೋಡಿದಳು. "ಲೇ ಓಬ! ನಾನು ಬದುಕಿದ್ದಂಗೇ ನನ್ ಮಗನ ಮೀಸೆ ತೆಗ್ಸಿದ್ಯೇನೋ?" ಎಂದು ಬಿದಿರು ಕಸಿದುಕೊಂಡಳು. ಓಬಣ್ಣ ಬಣ್ಣದ ಗಂಟನ್ನು ಬಿಟ್ಟು, ಕಿವಿಯ ಇದ್ದಿಲನ್ನು ಮಾತ್ರ ಹಿಡಿದುಕೊಂಡು ಓಡಿದ.

ಅಪ್ಪನಿಗೆ ಮೀಸೆ ಬೆಳೆಯಿತು. ಅಜ್ಜಿ ಮತ್ತೆ ಓಬಣ್ಣನನ್ನು ಹೊಸಿಲು ದಾಟಗೊಡಲಿಲ್ಲ, ಗೋಡೆಯ ತುಟಿ ಬೋಳಾಗಿಯೇ ಉಳಿಯಿತು.

ಅಜ್ಜಿ, ಅಪ್ಪ ಇಬ್ಬರೂ ಹೋದ ಮೇಲೆ ನಾನು ಮೊಳಕಾಲ್ಮೂರಿಗೆ ಹೋಗಿ ಓಬಣ್ಣನನ್ನು ಕಂಡೆ. ಮುದುಕನಾಗಿದ್ದ.

"ಅಪ್ಪನ ಮೀಸೆ ಮುಗಿಸಿಕೊಡು ಓಬಣ್ಣ."

"ಗೌಡ್ರೇ ಇಲ್ಲ, ಏನು ನೋಡಿ ಬರೀಲಿ? ತುದಿ ಮ್ಯಾಲಕ್ಕಿತ್ತೋ ಕೆಳಕ್ಕಿತ್ತೋ, ನೀವು ಹೇಳಿ ಸಣ್ಣಗೌಡ್ರೆ."

ಬಾಯಿ ತೆರೆದೆ. ಕಣ್ಣ ಮುಂದೆ ಬಂದದ್ದು ಗೋಡೆಯ ಬೋಳು ತುಟಿ.

ಅವನು ಕಿವಿಯ ಇದ್ದಿಲು ತೆಗೆದು ನನ್ನ ಕೈಗಿಟ್ಟ. "ನೆನಪಾದ ದಿನ ನೀವೇ ಎಳೀರಿ."

ಈಗ ಅವನೂ ಇಲ್ಲ. ಇದ್ದಿಲು ಚಿತ್ರದ ಪಕ್ಕದ ಗೂಡಿನಲ್ಲಿದೆ. ಅದನ್ನು ಯಾವ ಕಿವಿಯಿಂದ ತೆಗೆದ ಎಂಬುದನ್ನು ಅವತ್ತಾದರೂ ನೋಡಿಕೊಳ್ಳಬಹುದಿತ್ತು.