ನನ್ನ ಸ್ವರಕ್ಕೆ ಇಳಿದು ಬಂದವರು

1997ರ ನವೆಂಬರ್ ತಿಂಗಳು. ಆಗ ನಾನು ದೋಹಾದಲ್ಲಿ ಸಮುದ್ರದಂಚಿನ ಒಂದು ಹೋಟೆಲಿನ ಬ್ಯಾಂಕ್ವೆಟ್ ಆಫೀಸಿನಲ್ಲಿ ಸೆಕ್ರೆಟರಿಯಾಗಿದ್ದೆ. ಹಾಲ್ ಬುಕ್ ಮಾಡುವವರ ಫೋನಿಗೆ ನಗುನಗುತ್ತಾ ಉತ್ತರ ಕೊಡುವುದು, ಅವರು ಕೊನೇ ಗಳಿಗೆಯಲ್ಲಿ ಎಲ್ಲವನ್ನೂ ಬದಲಾಯಿಸಿದಾಗಲೂ ನಗುತ್ತಲೇ ಇರುವುದು ನನ್ನ ಉದ್ಯೋಗ. ಗಂಡ ವಿನ್ಸೆಂಟ್ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಆಪರೇಟರ್. ಶಿಫ್ಟ್ ಮುಗಿಸಿ ಬಂದರೆ ಅವರಿಗೆ ಮೊದಲು ನಿದ್ದೆ, ಆಮೇಲೆ ವಯಲಿನ್, ಅದಾದ ಮೇಲೆ ನಾನು.

ನಾವು ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು. ನಮ್ಮವರು ನಾಲ್ಕು ಜನ ಸೇರಿದರೆ ಅಲ್ಲೊಂದು ಹಾಡಿನ ಕೊಯರ್ ಹುಟ್ಟುತ್ತದೆ, ಸ್ವಲ್ಪ ದಿನದಲ್ಲೇ ಅದರೊಳಗೊಂದು ಜಗಳವೂ ಹುಟ್ಟುತ್ತದೆ. ದೋಹಾದಲ್ಲಿ ಆಗ ಇಗರ್ಜಿ, ಅಂದರೆ ಚರ್ಚ್, ಇರಲಿಲ್ಲ. ರಜೆಯ ದಿನವಾದ ಶುಕ್ರವಾರ ಬೆಳಿಗ್ಗೆ ಅಲ್ ಥುಮಾಮಾದ ಒಂದು ವಿಲ್ಲಾದಲ್ಲಿ ಕಿಟಕಿ ಮುಚ್ಚಿ, ಹೆಚ್ಚು ಸದ್ದಾಗದಂತೆ ಬಲಿಪೂಜೆ ನಡೆಯುತ್ತಿತ್ತು. ಅಲ್ಲಿನ ಕೊಯರ್ ಮಾಸ್ಟ್ರು ಲೆಸ್ಲಿ ಅಂಕಲ್. ಅವರ ಅಂಗಿ ಜೇಬಿನಲ್ಲಿ ಸದಾ ಒಂದು ಸಣ್ಣ ಪೀಪಿ ಇರುತ್ತಿತ್ತು, ಸ್ವರ ಹಿಡಿಯಲು ಊದುವಂಥದ್ದು. ಊರಿನ ಇಗರ್ಜಿಯ ಹಾರ್ಮೋನಿಯಮ್ಮಿಗೆ ಸರಿಹೊಂದುವ ಸ್ವರ ಅದರಲ್ಲಿದೆ ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು. ಯಾವ ಹಾಡಾದರೂ ಆ ಸ್ವರದಿಂದಲೇ ಶುರುವಾಗಬೇಕು. ಒಂದು ಕೂದಲೆಳೆ ಆಚೀಚೆ ಆದರೂ ಅವರ ಮುಖ ಹಾಗಲಕಾಯಿ ತಿಂದಂತಾಗುತ್ತಿತ್ತು.

ಕ್ರಿಸ್‌ಮಸ್ ಪೂಜೆಗೆ ಒಂದು ಹಳೆಯ ಕೊಂಕಣಿ ಹಾಡನ್ನು ಪ್ರತಿ ವರ್ಷವೂ ನಾನೊಬ್ಬಳೇ ಎತ್ತಿಕೊಳ್ಳುತ್ತಿದ್ದೆ. ನನ್ನ ಅಮ್ಮನಿಂದ ಬಂದ ಹಾಡು ಅದು. ಆ ವರ್ಷ ಬೇಸಿಗೆ ರಜೆಗೆ ಊರಿಗೆ ಹೋದಾಗ ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಿಕೊಂಡು ಥೈರಾಯ್ಡ್ ಆಪರೇಷನ್ ಆಯಿತು. ಜೀವಕ್ಕೆ ಏನೂ ಆಗಲಿಲ್ಲ, ದೇವರ ದಯೆ. ಆದರೆ ಡಾಕ್ಟರು ಮುಂಚೆಯೇ ಎಚ್ಚರಿಸಿದ್ದಂತೆ ಮೇಲಿನ ಸ್ವರಗಳು ಹೋದವು. ಮಾತಾಡುವುದಕ್ಕೆ ತೊಂದರೆಯಿಲ್ಲ, ಗಂಡನನ್ನು ಬೈಯುವುದಕ್ಕಂತೂ ಏನೂ ಅಡ್ಡಿಯಿಲ್ಲ. ಹಾಡು ಮೇಲೇರಿದಾಗ ಮಾತ್ರ ಗಂಟಲಿನಿಂದ ಬರೀ ಗಾಳಿ. ಎರಡು ಸಲ ಪ್ರಾಕ್ಟೀಸಿನಲ್ಲಿ ಹಾಗಾಯಿತು. ಯಾರೋ ಹಿಂದಿನಿಂದ “ಪಾಪ, ಹಿಲ್ಡಾಳ ಸ್ವರ ಖಲಾಸ್” ಅಂದದ್ದು ಕಿವಿಗೆ ಬಿತ್ತು. ಅಂದಿನಿಂದ ಪೂಜೆ ಮುಗಿದ ಮೇಲೆ ಚಹಾ ಹಂಚುವ ಕೆಲಸಕ್ಕೆ ಸೇರಿಕೊಂಡೆ. ವಿನ್ಸೆಂಟ್ ಮನೆಯಲ್ಲಿ ಆ ಹಾಡನ್ನು ನುಡಿಸುವುದನ್ನೇ ಬಿಟ್ಟರು. ನನಗೆ ಅಳು ಬಂದದ್ದು ಆಪರೇಷನ್ನಿಗಲ್ಲ, ಅವರು ಹಾಗೆ ಬಿಟ್ಟಿದ್ದಕ್ಕೆ.

ಹೀಗಿರುವಾಗ ನಮ್ಮ ಹೋಟೆಲಿಗೆ ಯುರೋಪಿನಿಂದ ಒಂದು ಸಂಗೀತ ತಂಡ ಬಂತು. ನೂರಾರು ವರ್ಷ ಹಿಂದಿನ ಸಂಗೀತವನ್ನು ಆ ಕಾಲದ್ದೇ ವಾದ್ಯಗಳಲ್ಲಿ ನುಡಿಸುವವರು. ಅವರ ಕಂಡಕ್ಟರ್ ಮಾರ್ಟಿನ್, ನೀಳವಾದ ಮುದುಕ, ಬಿಳೀ ಹುಬ್ಬು. ಕಂಡಕ್ಟರ್ ಬರುತ್ತಾರೆ ಎಂದು ಫೋನಿನಲ್ಲಿ ಹೇಳಿದಾಗ ವಿನ್ಸೆಂಟ್ ಕೇಳಿದ್ದು ಒಂದೇ ಪ್ರಶ್ನೆ, “ಟಿಕೆಟ್ ಕೊಡ್ತಾರಾ?”

ಮಾರ್ಟಿನ್ ಹಾಲಿಗೆ ಕಾಲಿಟ್ಟವರೇ ಏಸಿ ಕಡಿಮೆ ಮಾಡಿಸಿ ಎಂದರು. ಅವರ ವಯಲಿನ್‌ಗಳಿಗೆ ಲೋಹದ ತಂತಿಯಲ್ಲ, ಕುರಿಯ ಕರುಳಿನಿಂದ ಮಾಡಿದ ತಂತಿ. ಹೊರಗಿನ ತೇವ, ಒಳಗಿನ ಒಣ ಚಳಿ ಎರಡಕ್ಕೂ ಅದರ ಸ್ವರ ಏರುಪೇರಾಗುತ್ತದೆ. ಅತಿಥಿಗಳು ಬೆವರುತ್ತಾರೆ ಎಂದು ಹೇಳಿ ನಮ್ಮ ಮ್ಯಾನೇಜರು ಒಪ್ಪಲಿಲ್ಲ. ನಡುವೆ ಓಡಾಡಿ ಇಬ್ಬರನ್ನೂ ಅರ್ಧಕ್ಕೆ ಒಪ್ಪಿಸುವಷ್ಟರಲ್ಲಿ ನಾನೇ ಬೆವರಿದ್ದೆ.

ಮಧ್ಯಾಹ್ನ ವಾದ್ಯದವರೆಲ್ಲ ಊಟಕ್ಕೆ ಹೋಗಿದ್ದರು. ನಾನು ಕುರ್ಚಿಗಳ ಸಾಲು ನೋಡುತ್ತಾ ಆ ಹಾಡನ್ನು ಗುನುಗುತ್ತಿದ್ದೆ. ಮನುಷ್ಯರಿಲ್ಲದ ಕಡೆ ಮಾತ್ರ ಅದು ನನ್ನ ಬಾಯಿಗೆ ಬರುತ್ತಿತ್ತು. ಇದ್ದಕ್ಕಿದ್ದಂತೆ ವೇದಿಕೆಯಿಂದ ಯಾರೋ ಅದೇ ರಾಗವನ್ನು ಮೆಲ್ಲನೆ ನುಡಿಸತೊಡಗಿದರು. ನೋಡಿದರೆ ಹಳೇ ಕಾಲದ ಪಿಯಾನೋದಂಥ ಒಂದು ವಾದ್ಯದ ಮುಂದೆ ಮಾರ್ಟಿನ್. ಮುಂದುವರಿಸಿ ಎಂದು ಗಲ್ಲದಲ್ಲೇ ಸನ್ನೆ ಮಾಡಿದರು. ಮುಂದುವರಿಸಿದೆ. ರಾಗ ಮೇಲೇರುವ ಜಾಗ ಬಂದಾಗ ನಿಲ್ಲಿಸಿಬಿಟ್ಟೆ. ಅವರೂ ಬೆರಳೆತ್ತಿ ಕಾದರು.

ಕುತ್ತಿಗೆಯ ಗಾಯದ ಗುರುತು ತೋರಿಸಿ, ಅಲ್ಲಿಂದ ಮೇಲೆ ನನಗೆ ಸ್ವರ ಇಲ್ಲ ಎಂದೆ. ಅವರ ಮುಖದಲ್ಲಿ ಅಯ್ಯೋ ಪಾಪ ಎಂಬ ಭಾವ ಬರಲಿಲ್ಲ. ಅದಕ್ಕೇ ಅವರು ನನಗೆ ಹಿಡಿಸಿದರು.

“ಈ ಹಾಡು ಅಷ್ಟು ಮೇಲೇ ಇರಬೇಕು ಎಂದು ನಿಮಗೆ ಯಾರು ಹೇಳಿದ್ದು?” ಎಂದರು.

ನಾನು ಲೆಸ್ಲಿ ಅಂಕಲ್ ಮತ್ತು ಅವರ ಪೀಪಿಯ ಕಥೆ ಹೇಳಿದೆ. ಮಾರ್ಟಿನ್ ಜೋರಾಗಿ ನಕ್ಕರು. ಹಿಂದಿನ ಕಾಲದಲ್ಲಿ ಒಂದೊಂದು ಊರಿನ ಇಗರ್ಜಿಗೂ ಒಂದೊಂದು ಶ್ರುತಿ ಇತ್ತಂತೆ, ಇಡೀ ಜಗತ್ತಿಗೆ ಒಂದೇ ಸ್ವರ ಎಂಬುದು ಬಂದದ್ದು ತೀರಾ ಈಚೆಗಂತೆ. ಅವರ ವಾದ್ಯಗಳೂ ಈಗಿನದಕ್ಕಿಂತ ಅರ್ಧ ಸ್ವರ ಕೆಳಗೇ ಇದ್ದವು. ಇದಕ್ಕಾಗಿ ಜೀವನವಿಡೀ ಮಾಸ್ಟ್ರುಗಳ ಜೊತೆ ಜಗಳಾಡಿದ್ದೇನೆ ಎಂದರು. ಮತ್ತೆ ಕೈಯನ್ನು ವಾದ್ಯದ ಕೀಲಿಮಣೆಯಲ್ಲಿ ಎಡಕ್ಕೆ ಸರಿಸಿ, “ನಿಮಗೆ ಸುಖವಾಗುವ ಕಡೆಯಿಂದ ಹಿಡಿಯಿರಿ. ಉಳಿದವರು ಇಳಿದು ಬರುತ್ತಾರೆ,” ಎಂದರು. ನಾನು ಕೆಳಗಿನಿಂದ ಹಿಡಿದೆ. ಆ ಜಾಗ ಬಂತು, ದಾಟಿದೆ. ಸ್ವರ ಮೊದಲಿನ ಹಾಗೆ ತಿಳಿಯಾಗಿರಲಿಲ್ಲ, ಸ್ವಲ್ಪ ಗಡುಸಾಗಿತ್ತು. ಆದರೆ ಅದು ನನ್ನದೇ. ಯೂನಿಫಾರ್ಮಿನಲ್ಲೇ ನಿಂತು ಅತ್ತುಬಿಟ್ಟೆ.

ಆ ಸಂಜೆಯ ಕಛೇರಿಯ ನಡುವೆ ಒಂದು ತಂತಿ ಟಪ್ ಎಂದು ಹರಿಯಿತು. ಹೊಸದು ಕಟ್ಟುವ ತನಕ ಮಾರ್ಟಿನ್ ಸಭಿಕರ ಕಡೆ ತಿರುಗಿ, ಕುರಿ ತನಗೆ ಮನಸ್ಸು ಬಂದಾಗಲೇ ಬರುತ್ತದೆ, ದಯವಿಟ್ಟು ಕಾಯಿರಿ ಎಂದರು. ಮುಂದಿನ ಸಾಲಿನ ದೊಡ್ಡ ಮನುಷ್ಯರೂ ಬೆವರೊರೆಸಿಕೊಳ್ಳುತ್ತಾ ನಕ್ಕರು. ನಮ್ಮ ಮ್ಯಾನೇಜರು ಮಾತ್ರ ನಗಲಿಲ್ಲ.

ಮರುದಿನ ಶುಕ್ರವಾರ. ಪ್ರಾರ್ಥನೆಗೆ ಎಲ್ಲಾದರೂ ಜಾಗ ಉಂಟಾ ಎಂದು ಮಾರ್ಟಿನ್ ಕೇಳಿದ್ದರಿಂದ ವಿನ್ಸೆಂಟರ ಕಾರಿನಲ್ಲಿ ಅವರನ್ನು ವಿಲ್ಲಾಕ್ಕೆ ಕರೆದುಕೊಂಡು ಹೋದೆವು. ಪೂಜೆ ಮುಗಿದ ಮೇಲೆ ಕ್ರಿಸ್‌ಮಸ್ ಹಾಡಿನ ಪ್ರಾಕ್ಟೀಸ್. ನನ್ನ ಜಾಗದಲ್ಲಿ ಯಾರು ಹಾಡುವುದೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ಮಾರ್ಟಿನ್ ನನ್ನ ಕಡೆ ನೋಡಿದರು. ಚಹಾದ ಕೆಟಲ್ ಕೆಳಗಿಟ್ಟು ಲೆಸ್ಲಿ ಅಂಕಲ್ ಹತ್ತಿರ ಹೋಗಿ, ಹಾಡನ್ನು ಸ್ವಲ್ಪ ಕೆಳಗಿಳಿಸಿದರೆ ನಾನೇ ಹಾಡಬಹುದು ಎಂದೆ.

ಅಂಕಲ್ ಪೀಪಿ ಹೊರತೆಗೆದರು. ಸಿಟ್ಟು ಮಾಡಲಿಲ್ಲ.

“ನೋಡು ಹಿಲ್ಡಾ, ಇಲ್ಲಿ ನಮಗೆ ಇಗರ್ಜಿ ಇಲ್ಲ, ಗಂಟೆ ಇಲ್ಲ. ಊರಿನದ್ದು ಅಂತ ಉಳಿದದ್ದು ಈ ಸ್ವರ ಒಂದೇ. ಅದನ್ನೂ ಬದಲು ಮಾಡಿದ್ರೆ ಮತ್ತೆ ಎಂತ ಉಂಟು ನಮ್ಮ ಹತ್ರ?”

ಅವರು ಹೇಳಿದ್ದೂ ನಿಜವೇ. ವಿನ್ಸೆಂಟ್ ಇದನ್ನು ಇಂಗ್ಲಿಷಿನಲ್ಲಿ ಮಾರ್ಟಿನ್‌ಗೆ ತಿಳಿಸಿದರು. ಅವರು ವಾದ ಮಾಡುತ್ತಾರೆ ಅಂದುಕೊಂಡಿದ್ದೆ. ಅವರು ಪೀಪಿಯನ್ನು ಕೈಯಲ್ಲಿ ಹಿಡಿದು, ಚೆನ್ನಾಗಿದೆ ಎಂದು ಮೆಚ್ಚಿ, ಮರಳಿ ಅಂಕಲ್ ಅಂಗೈಯಲ್ಲಿಟ್ಟರು. ಆಮೇಲೆ ಕೇಳಿದರು, ಇಗರ್ಜಿಯಲ್ಲಿ ಹಾರ್ಮೋನಿಯಮ್ ಸ್ವರ ಕೊಡುತ್ತದೆ, ಸರಿ. ಮನೆಯಲ್ಲಿ ಹಾಡುವಾಗ ಯಾರು ಕೊಡುತ್ತಾರೆ?

ನಮ್ಮ ಮನೆಗಳಲ್ಲಿ ಸಂಜೆ ಜಪಮಾಲೆಯ ಪ್ರಾರ್ಥನೆ ಉಂಟು, ತೇರ್ಸ್ ಎನ್ನುತ್ತೇವೆ. ಅದು ಮುಗಿದ ಮೇಲೆ ಒಂದು ಹಾಡು. ಮನೆಯ ಹಿರಿಯ ಹೆಂಗಸು ತನಗೆ ಬಂದ ಸ್ವರದಲ್ಲಿ ಎತ್ತಿಕೊಳ್ಳುತ್ತಾಳೆ. ಅವಳು ಎಲ್ಲಿಂದ ಹಿಡಿದರೆ ಮನೆಮಂದಿಯೆಲ್ಲ ಅಲ್ಲಿಂದಲೇ. ಅಲ್ಲಿ ಪೀಪಿ ಊದುವವರು ಯಾರೂ ಇಲ್ಲ.

“ಅಮ್ಮ,” ಎಂದೆ ನಾನು.

ಲೆಸ್ಲಿ ಅಂಕಲ್ ಪೀಪಿಯನ್ನು ಅಂಗೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ ಕೊಂಕಣಿಯಲ್ಲಿ, ತಮ್ಮಷ್ಟಕ್ಕೇ ಎಂಬಂತೆ, “ನನ್ನ ಅಮ್ಮನ ಸ್ವರ ಬಾವಿ ಒಳಗಿಂದ ಬಂದ ಹಾಗೆ ಇತ್ತು. ನಾವೆಲ್ಲ ಅದಕ್ಕೇ ಹಾಡುದು,” ಎಂದರು. ಪೀಪಿ ಜೇಬಿಗೆ ಹೋಯಿತು. “ಹಿಲ್ಡಾ, ನಿನಗೆ ಎಲ್ಲಿಂದ ಬರ್ತದೋ ಅಲ್ಲಿಂದ ಹಿಡಿ.”

ವಿನ್ಸೆಂಟ್ ವಯಲಿನ್ನಿನ ತಂತಿಗಳನ್ನು ಎಷ್ಟು ಸಡಿಲಿಸಬೇಕೆಂದು ಮಾರ್ಟಿನ್ ತಾವೇ ಪಕ್ಕದಲ್ಲಿ ನಿಂತು ತೋರಿಸಿಕೊಟ್ಟರು. ನಾನು ಹಿಡಿದೆ. ಎತ್ತರದ ಸ್ವರದ ಹುಡುಗಿಯರು ಮೊದಲು ತಡವರಿಸಿದರು, ಆಮೇಲೆ ಒಬ್ಬೊಬ್ಬರೇ ಇಳಿದು ಬಂದರು. ಮಾರ್ಟಿನ್ ಕೈ ಆಡಿಸಲೇ ಇಲ್ಲ. ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನಾನು ಮಾಡಿದ ಚಹಾ ಕುಡಿಯುತ್ತಾ ಕೇಳಿದರು. ಆ ರಾತ್ರಿಯೇ ಅವರ ವಿಮಾನ ಇತ್ತು. ಆ ವರ್ಷದ ಕ್ರಿಸ್‌ಮಸ್‌ನಲ್ಲಿ ನಾನು ಹಾಡಿದೆ. ಸ್ವರ ಖಲಾಸ್ ಅಂದವರೂ ಬಂದು ಕೈ ಹಿಡಿದುಕೊಂಡರು, ನಾನೂ ಬಿಡಿಸಿಕೊಳ್ಳಲಿಲ್ಲ.

ಈಗ ಊರಿಗೆ ಬಂದು ಬಹಳ ಕಾಲವಾಯಿತು. ಲೆಸ್ಲಿ ಅಂಕಲ್ ಇಲ್ಲ. ಈಚೆಗೆ ಒಂದು ದಿನ ಮಗಳು ಫೋನಿನಲ್ಲಿ ಮಾರ್ಟಿನ್ ತೀರಿಕೊಂಡ ಸುದ್ದಿ ತೋರಿಸಿದಳು. ದೊಡ್ಡ ದೊಡ್ಡ ಊರುಗಳ, ದೊಡ್ಡ ದೊಡ್ಡ ಸಂಗೀತ ಕಛೇರಿಗಳ ಹೆಸರೆಲ್ಲ ಅದರಲ್ಲಿತ್ತು. ಅಲ್ ಥುಮಾಮಾದ ಪ್ಲಾಸ್ಟಿಕ್ ಕುರ್ಚಿಯ ವಿಷಯ ಯಾರಿಗೆ ಗೊತ್ತಿರಬೇಕು? ನನಗೆ ಮನೆಯವರೇ ಹೋದಷ್ಟು ದುಃಖವಾಯಿತು. ವಿನ್ಸೆಂಟ್ ವಯಲಿನ್ ಪೆಟ್ಟಿಗೆ ತೆರೆದು ತಂತಿ ಸಡಿಲಿಸತೊಡಗಿದರು.

ಸಂಜೆ ತೇರ್ಸ್ ಮುಗಿಯಿತು. ಈ ಮನೆಯಲ್ಲಿ ಈಗ ಹಿರಿಯ ಹೆಂಗಸು ನಾನೇ. ಆ ಹಾಡನ್ನು ಎತ್ತಿಕೊಂಡೆ. ವಯಸ್ಸಾಗಿ ಸ್ವರ ಇನ್ನಷ್ಟು ಇಳಿದಿದೆ. ಮಗಳು ಒಂದು ಸಾಲಿಗೇ ನಿಲ್ಲಿಸಿದಳು.

“ಅಮ್ಮ, ಇಷ್ಟು ಕೆಳಗಿಂದ ಹಿಡಿದ್ರೆ ನಾನು ಹೇಗೆ ಹಾಡುದು?”

“ಇಳಿದು ಬಾ,” ಎಂದೆ.

ಗೊಣಗುತ್ತಲೇ ಇಳಿದು ಬಂದಳು.