ಹಕ್ಕಿ ತುಂಬುತ್ತಿದ್ದ ಮೇಸ್ತ್ರಿ

ಆಗ ನನಗೆ ಹತ್ತೊಂಬತ್ತು. ನಲವತ್ತು ವರ್ಷವಾಯಿತು. ಮೊನ್ನೆ ಪಕ್ಕದ ಮನೆಯವಳು ಸೀರೆಯ ಪೆಟ್ಟಿಗೆ ತೆಗೆದಾಗ ಕರ್ಪೂರದ ವಾಸನೆ ಬಂತು. ಮೇಸ್ತ್ರಿ ನೆನಪಾದರು.

ಗೂಡಲೂರಿನ ಒಬ್ಬ ಬಿಳಿ ದೊರೆಗೆ ಹಕ್ಕಿ ಕೂಡಿಡುವ ಹುಚ್ಚಿತ್ತು. ಹೊಡೆದು ತಂದ ಹಕ್ಕಿಯ ತೊಗಲು ಸುಲಿದು, ಹತ್ತಿ ತುಂಬಿ, ಹುಳ ಬೀಳದಂತೆ ಕರ್ಪೂರ ಹಾಕಿ, ಕಾಲಿಗೆ ಹೆಸರಿನ ಚೀಟಿ ಕಟ್ಟುವುದು ಮೇಸ್ತ್ರಿಯ ಕೆಲಸ. ಮೈಸೂರು ಕಡೆಯವರು. ನಾನು ಗಂಡ ಸತ್ತವಳು, ಅವರಿಗೆ ಹತ್ತಿ ಬಿಡಿಸಿ ಕೊಡುತ್ತಿದ್ದೆ. ಮೇಸ್ತ್ರಿಗೆ ವರ್ಷವಿಡೀ ಕೆಲಸ. ನನ್ನದು ಆ ತಿಂಗಳಿಗೇ ಮುಗಿಯುತ್ತಿತ್ತು. ಆಮೇಲೆ ಭಾವನ ಮನೆಯ ಮುಸುರೆಯೇ ಗತಿ.

ನೊಣ ಹಿಡಿಯುವ ನೀಲಿ ಹಕ್ಕಿಗಳಲ್ಲಿ ಎರಡು ಜಾತಿ, ಅಕ್ಕತಂಗಿಯರ ಮಕ್ಕಳ ಹಾಗೆ. ಗೂಡಲೂರಿನ ತಂಪು ಕಣಿವೆಯ ಶೋಲೆ ಕಾಡಿನ ಗಂಡಿಗೆ ಎದೆ ನೀಲಿ, ಮಸಿನಗುಡಿಯ ಬಿದಿರು ಮೆಳೆಯ ಗಂಡಿಗೆ ಕಿತ್ತಳೆ. ಹೆಣ್ಣುಗಳಿಗೆ ಎರಡಕ್ಕೂ ಎದೆ ಕಿತ್ತಳೆಯೇ. ಬಾಲ ನೋಡಬೇಕು: ಶೋಲೆಯವಳದು ಇಟ್ಟಿಗೆ ಬಣ್ಣ, ಬಿದಿರಿನವಳದು ಮಾಸಿದ ನೀಲಿ. ಕೇಳದೆಯೇ ಹೇಳಿಕೊಟ್ಟವರು ಮೇಸ್ತ್ರಿ…

ಒಂದು ಮಧ್ಯಾಹ್ನ ಮೇಸ್ತ್ರಿ ದೊರೆಯ ಶೀಮೆಗೆ ಹೋಗುವ ಪೆಟ್ಟಿಗೆಗೆ ಮೊಳೆ ಹೊಡೆಯುವವರಿದ್ದರು. ನೀಲಿ ಎದೆಯ ಗಂಡಿನ ಜೋಡಿಯಾಗಿ ನೀಲಿ ಬಾಲದ ಹೆಣ್ಣು ಮಲಗಿತ್ತು.

"ಇವಳು ಇವನ ಹೆಂಡ್ತಿ ಅಲ್ಲ, ಮೇಸ್ತ್ರಿ."

"ನೀನೇನು ಮದ್ವೆ ಮಾಡ್ಸಿದ್ಯಾ?"

"ಬಾಲ ನೋಡಿ."

ಕಿಟಕಿಯ ಬೆಳಕಿಗೆ ಹಿಡಿದರು, ಮೂಗಿನ ಹತ್ತಿರ ತಂದರು, ಮತ್ತೆ ಕಿಟಕಿಗೆ ಹಿಡಿದರು. "ಎಲ್ಲಾ ಮಂಜಾಗ್ಯದೆ ಕಣಮ್ಮಿ. ವರ್ಸ ಆಯ್ತು. ಇನ್ನೆಷ್ಟು ಪೆಟ್ಟಿಗೇಲಿ ಹಿಂಗೆ ಹೋಗ್ಯದೋ…"

ಹತ್ತಿಯವಳು ಚೀಟಿ ಅದಲುಬದಲು ಮಾಡಿದಳು ಎಂದು ಮೇಸ್ತ್ರಿ ಅನ್ನಬಹುದಿತ್ತು. ದೊರೆ ನಂಬುತ್ತಿದ್ದರು, ನಾನು ಅಂದೇ ಹೊರಗೆ. ಹಾಗೆ ಮಾಡದೆ ಎರಡೂ ಹಕ್ಕಿ ಹಿಡಿದು, ನನ್ನನ್ನೂ ಕರೆದುಕೊಂಡು ಹೋಗಿ ದೊರೆಯ ಮುಂದೆ ನಿಂತರು.

"ತಪ್ಪು ನಂದು, ದೊರೆ. ಕಂಡಿದ್ದು ಇವಳು. ಕತ್ತಿ ಇವಳ ಕೈಗೆ ಕೊಡಿ, ನಾನು ಊರಿಗೆ ಹೋಯ್ತೀನಿ."

ಹೆಂಗಸಿಗೆ ಈ ಕೆಲಸವೇ ಎಂದು ದೊರೆ ಗೊಣಗಿದರು.

"ಸತ್ತ ಹಕ್ಕಿಗೆ ಗೊತ್ತಾಯ್ತದಾ, ದೊರೆ?" ಅಂದರು ಮೇಸ್ತ್ರಿ.

ಆ ಕೆಲಸ ಇಪ್ಪತ್ತೆರಡು ವರ್ಷ ನನಗೆ ಅನ್ನ ಹಾಕಿತು. ಭಾವನ ಹೊಸಿಲು ತುಳಿಯಲಿಲ್ಲ. ಚೀಟಿ ಬರೆಯಲೆಂದೇ ನಾಲ್ಕಕ್ಷರ ಕಲಿತೆ. ಮೇಸ್ತ್ರಿಗೊಂದು ಕಾಗದ ಹಾಕೋಣವೆಂದರೆ ಅವರ ಊರು ಯಾವುದೆಂದು ಕೇಳಿಯೇ ಇರಲಿಲ್ಲ. ಇಷ್ಟು ಹೊತ್ತಿಗೆ ಸತ್ತಿರುತ್ತಾರೆ. ನನ್ನ ಋಣ ಹಾಗೇ ಉಳಿಯಿತು.

ದೊರೆಯ ಮುಂದೆ ನಿಂತ ಮರುದಿನ ಬೆಳಿಗ್ಗೆಯೇ ಅವರು ಗಾಡಿ ಹತ್ತಿದ್ದರು. ಗಾಡಿ ತಿರುವು ದಾಟಿದ ಮೇಲೆ ನಾನು ಒಳಗೆ ಹೋಗಿ ಅವರ ಮಣೆಯ ಮೇಲೆ ಕೂತೆ. ಮೊದಲ ಹಕ್ಕಿಯ ತೊಗಲು ಹರಿಯಿತು. ಎರಡನೆಯದನ್ನು ತೆಗೆದುಕೊಂಡೆ.