ಮೆತ್ತೆ ಚಿಕ್ಕಪ್ಪ ಆರಿಸಿದ ಗಾಲಿಕುರ್ಚಿ

ನಮ್ಮ ಚಿಕ್ಕಪ್ಪ ಸೋಫಾ ಮಾಡುವವರು. ಬೀದಿಗೆಲ್ಲ ಅವರು ಮೆತ್ತೆ ಚಿಕ್ಕಪ್ಪ. ಕೂತವರಿಗೆ ಏಳುವ ಮನಸ್ಸೇ ಆಗಬಾರದು, ಅದೇ ಒಳ್ಳೆಯ ಆಸನ ಎಂಬುದು ಅವರ ಕಸುಬಿನ ಸಿದ್ಧಾಂತ. ಯಾರ ಮನೆಗೆ ಹೋದರೂ ಮೊದಲು ಕುರ್ಚಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಆಮೇಲೆ ಮನೆಯವರ ಯೋಗಕ್ಷೇಮ ವಿಚಾರಿಸುತ್ತಾರೆ.

ಚಿಕ್ಕಮ್ಮನಿಗೆ ಕಾಲು ಸೋತಿತ್ತು. ಕಾಯಿಲೆ ನಿಧಾನವಾಗಿ ಮೇಲೇರುವಂಥದ್ದು. "ಕೈಯಲ್ಲಿ ಶಕ್ತಿ ಇರೋವಾಗ್ಲೇ ಹೊರಗೆ ಓಡಾಡಿಸಿ" ಎಂದಿದ್ದರು ಡಾಕ್ಟರು. ಚಿಕ್ಕಮ್ಮ ಕೇಳಿದ್ದು ಒಂದೇ: ಮಾರ್ಕೆಟ್ಟಿಗೆ ಹೋಗಿ ತಮ್ಮ ಕೈಯಾರೆ ತರಕಾರಿ ಆರಿಸಬೇಕು. ಗಂಡ ತರುವ ಬಾಡಿದ ಸೊಪ್ಪು ನೋಡಿ ನೋಡಿ ಅವರಿಗೆ ಕಾಯಿಲೆಗಿಂತ ಹೆಚ್ಚು ಬೇಜಾರಾಗಿತ್ತು.

ಗಾಲಿಕುರ್ಚಿ ಕೊಳ್ಳಲು ಅಂಗಡಿಗೆ ಚಿಕ್ಕಪ್ಪನ ಜೊತೆ ನಾನೂ ಹೋಗಿದ್ದೆ. ಅಂಗಡಿಯವನು ಹಗುರವಾದ ಗಾಲಿಕುರ್ಚಿಯೊಂದನ್ನು ಮಡಚಿ, ಬಿಚ್ಚಿ ತೋರಿಸಿದ. "ಎಂಥಾ ಬಾಗಿಲಲ್ಲೂ ಹೋಗತ್ತೆ ಸಾರ್. ಕಾರಿನ ಡಿಕ್ಕೀಲೂ ಹಿಡಿಯತ್ತೆ."

ಚಿಕ್ಕಪ್ಪ ಹೆಬ್ಬೆರಳಿನಿಂದ ಒತ್ತಿದರು. "ಇದೇನಪ್ಪಾ, ಬರೀ ಗೋಣಿತಟ್ಟು. ನನ್ನ ಹೆಂಡ್ತಿ ಇದರ ಮೇಲೆ ಕೂತ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಗಾಲಿಯ ಕಡೆ ಅವರು ಕಣ್ಣೆತ್ತಿಯೂ ನೋಡಲಿಲ್ಲ. ಇದ್ದುದರಲ್ಲೇ ದೊಡ್ಡದನ್ನು ಆರಿಸಿದರು. ನಾನು ಬಾಯಿ ತೆರೆದರೆ, "ಕಸುಬು ನಿಂದೋ ನಂದೋ?" ಎಂದು ಮುಚ್ಚಿಸಿದರು.

ಕುರ್ಚಿ ಮನೆಗೆ ಬರದೆ ಸೀದಾ ಅವರ ಶೆಡ್ಡಿಗೆ ಹೋಯಿತು. ದಪ್ಪ ಫೋಮು ಬಿತ್ತು, ಮೇಲೆ ಮಖಮಲ್ಲು. ತಲೆಗೊಂದು ದಿಂಬು, ಕೈಗಳಿಗೆರಡು ದಿಂಬು. "ಇವತ್ತು ಹೋಗೋಣ್ವಾ?" ಎಂದು ಚಿಕ್ಕಮ್ಮ ಮಂಚದಿಂದ ದಿನವೂ ಕೇಳುತ್ತಿದ್ದರು. "ಸ್ವಲ್ಪ ತಡ್ಕೊಳೇ, ಇನ್ನೊಂಚೂರು ಮೆತ್ತಗಾಗ್ಲಿ" ಎಂಬುದು ಸಿದ್ಧ ಉತ್ತರ. ಅಷ್ಟರಲ್ಲಿ ಅಕ್ಕಪಕ್ಕದವರೆಲ್ಲ ಸರದಿಯಲ್ಲಿ ಕೂತು ಭೇಷ್ ಎಂದರು. ಎದುರುಮನೆಯ ಮೇಷ್ಟ್ರಂತೂ ಅದರಲ್ಲೇ ಗೊರಕೆ ಹೊಡೆದರು. ಚಿಕ್ಕಪ್ಪನ ಪಾಲಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇರಲಿಲ್ಲ.

ಕೊನೆಗೊಮ್ಮೆ ಗಾಲಿ ಕಳಚಿ, ಓರೆ ಮಾಡಿ, ಏದುಸಿರು ಬಿಡುತ್ತಾ ಅದನ್ನು ಒಳಗೆ ತಂದೆವು. ಚಿಕ್ಕಮ್ಮನನ್ನು ಕೂರಿಸಿದರೆ ಅವರ ಪಾದ ಕೆಳಗಿನ ಪಟ್ಟಿಗೆ ಎಟುಕಲಿಲ್ಲ. ಬಾಗಿಲಿಗೆ ತಳ್ಳಿದರೆ ದಿಂಬುಗಳು ಚೌಕಟ್ಟಿಗೆ ಸಿಕ್ಕಿಕೊಂಡವು. ಚಿಕ್ಕಪ್ಪ ಒಂದಿಷ್ಟೂ ಅಳುಕದೆ, "ಬಾಗಿಲು ಒಡೆಸಿ ಅಗಲ ಮಾಡ್ಸೋಣ" ಎಂದರು. ಬಡಗಿಯನ್ನು ಕರೆಸಿದರು. ಅವನು ಮುಂದಿನ ವಾರ ಎಂದ, ಮತ್ತೆ ಅದರ ಮುಂದಿನ ವಾರ ಎಂದ.

ಒಂದು ಮಧ್ಯಾಹ್ನ ಚಿಕ್ಕಮ್ಮ ದನಿ ಏರಿಸದೆ ಹೇಳಿದರು: "ಇದ್ರಲ್ಲಿ ಕೂತು ಸಾಯೋಕೆ ಏನೂ ತೊಂದ್ರೆ ಇಲ್ಲ ರೀ. ನಂಗೆ ಮಾರ್ಕೆಟ್ಟಿಗೆ ಹೋಗ್ಬೇಕಿತ್ತು."

ಚಿಕ್ಕಪ್ಪನ ಮುಖ ಇಳಿದುಹೋಯಿತು. ಚಪ್ಪಲಿ ಮೆಟ್ಟಿ ಹೊರಟವರು ಅಂಗಡಿಯಿಂದ ಆ ಹಗುರವಾದ ಗೋಣಿತಟ್ಟಿನ ಕುರ್ಚಿಯನ್ನೇ ತಂದರು. ಮರುದಿನ ಬೆಳಿಗ್ಗೆ ಅದು ಬಾಗಿಲು ದಾಟಿ, ಜನಜಂಗುಳಿಯ ನಡುವೆ ನುಸುಳಿ, ಬೆಂಡೆಕಾಯಿ ರಾಶಿಯ ಮುಂದೆ ನಿಂತಿತು. ಚಿಕ್ಕಮ್ಮನ ಮುಖದಲ್ಲಿ ಮದುವೆಮನೆಯ ಕಳೆ ಇತ್ತು.

ಒಂದು ಕಾಯಿ ಎತ್ತಿಕೊಂಡು ತುದಿ ಮುರಿಯಲು ನೋಡಿದರು. ಅದು ಬಗ್ಗಿತೇ ಹೊರತು ಮುರಿಯಲಿಲ್ಲ. ಇನ್ನೊಂದು ಎತ್ತಿದರು. ಅದೂ ಅಷ್ಟೇ.

"ಎಳೇದೇ ಅಮ್ಮಾ, ಈಗ್ತಾನೇ ಬಂದಿದ್ದು" ಎಂದಳು ತರಕಾರಿಯವಳು.

"ಕಾಯಿ ಎಳೇದೇ ಕಣಮ್ಮ. ಬೆರಳಿಗೆ ಆಗ್ತಿಲ್ಲ."

ಚಿಕ್ಕಪ್ಪ ನೆಲ ನೋಡುತ್ತಾ ನಿಂತರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂತಲೂ ಅನ್ನಿಸಿತು. ಚಿಕ್ಕಮ್ಮ ಆ ಕಾಯಿಯನ್ನು ಗಂಡನ ಕೈಗಿಟ್ಟರು.

"ನೀವು ಮುರೀರಿ. ನಾನು ತೋರ್ಸಿದ್ದು ಮಾತ್ರ."

ಅವರು ತೋರಿಸುತ್ತಾ ಹೋದರು. ಚಿಕ್ಕಪ್ಪ ಒಂದೊಂದನ್ನೇ ಎತ್ತಿ, ತುದಿ ಮುರಿದು, ಸರಿಯೇ ಎಂದು ಹೆಂಡತಿಯ ಮುಖ ನೋಡಿ ಚೀಲಕ್ಕೆ ಹಾಕಿದರು.